ಪದ ಬೇಕು, ತುರ್ತು: ನೇಣು ನೋಡಲು ಬಂದವರಿಗೆ ಏನನ್ನಬೇಕು?

ದಾವಣಗೆರೆಯಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆ ಆರರೊಳಗೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಅಕ್ಟೋಬರ್ 10 ಮರಣದಂಡನೆ ವಿರೋಧಿ ವಿಶ್ವ ದಿನ. ಇಲ್ಲಿನ ಕೆಲವು ಕಾನೂನು ವಿದ್ಯಾರ್ಥಿಗಳು ಸೇರಿ ಅವತ್ತು ಎಂಟು ಫಲಕಗಳ ಒಂದು ಪ್ರದರ್ಶನ ಇಡುತ್ತಿದ್ದಾರೆ. ಅವರು ಇಂಗ್ಲಿಷಿನಲ್ಲಿ ಬರೆದಿದ್ದನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ಏಳು ಫಲಕ ಮುಗಿದಿವೆ. ಮೊದಲನೆಯದರ ತಲೆಬರಹವೇ ಆಗುತ್ತಿಲ್ಲ.

ವಿಷಯ ಬರೀ ಮರಣದಂಡನೆ ಅಲ್ಲ. ಅದನ್ನು ಜನ ಸೇರಿ ನೋಡಿದ ಕತೆ. ರೋಮಿನಲ್ಲಿ ಬೆಳಗಿನ ಬೇಟೆಗೂ ಮಧ್ಯಾಹ್ನದ ಗ್ಲಾಡಿಯೇಟರುಗಳ ಕತ್ತಿ ಕಾಳಗಕ್ಕೂ ನಡುವೆ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಶಿಕ್ಷೆಗೊಳಗಾದವರನ್ನು ಮೈದಾನಕ್ಕೆ ಬಿಟ್ಟು ಕೊಲ್ಲಿಸುತ್ತಿದ್ದರು. ಜನ ಬೇಜಾರಾಗಿ ಕೂರಬಾರದು ಅಂತ. ಲಂಡನ್ನಿನಲ್ಲಿ ನೇಣಿನ ದಿನ ರಸ್ತೆ ತುಂಬುತ್ತಿತ್ತು. 1868ರ ಮೇ 26ರಂದು ನ್ಯೂಗೇಟ್ ಜೈಲಿನ ಹೊರಗೆ ಅಲ್ಲಿಯ ಕೊನೆಯ ಬಹಿರಂಗ ನೇಣು ಆಯಿತು. ಅಮೆರಿಕದ ಕೆಂಟಕಿಯಲ್ಲಿ, ಓವೆನ್ಸ್‌ಬರೋ ಅನ್ನುವ ಊರಲ್ಲಿ, 1936ರ ಆಗಸ್ಟ್ 14ರ ಬೆಳಗಿನ ಜಾವ ಸುಮಾರು ಇಪ್ಪತ್ತು ಸಾವಿರ ಜನ ಸೇರಿದ್ದರು. ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ 1939ರ ಜೂನ್ 17ರಂದು ತಲೆ ಕಡಿಯುವ ಯಂತ್ರ ಗಿಲೊಟಿನ್ ನಡುಬೀದಿಯಲ್ಲಿ ನಿಂತಿತ್ತು.

ಈ ನಾಲ್ಕೂ ಕಡೆ ಇದ್ದ ಜನರಿಗೆ ಒಂದೇ ಪದ ಬೇಕು. ಇಂಗ್ಲಿಷಿನಲ್ಲಿ ಸ್ಪೆಕ್ಟೇಟರ್ಸ್ ಅಂತ ಹಾಕಿದ್ದಾರೆ. ಅವರು ನೋಡಿದ್ದಕ್ಕೆ ಸ್ಪೆಕ್ಟಕಲ್ ಅಂದಿದ್ದಾರೆ. ನನಗೆ ಹೊಳೆದವು ಇಷ್ಟು. ಪ್ರೇಕ್ಷಕರು: ಟಿಕೆಟ್ ತಗೊಂಡು ನಾಟಕಕ್ಕೆ ಬಂದವರ ಹಾಗೆ ಕೇಳುತ್ತದೆ. ವೀಕ್ಷಕರು: ಚುನಾವಣೆಗೆ ಬರುತ್ತಾರೆ, ಟಿವಿ ಮುಂದೆ ಕೂರುತ್ತಾರೆ. ಸಾಕ್ಷಿಗಳು ಅಂದರೆ ಕೋರ್ಟು. ಜನಸ್ತೋಮ ಅಂದರೆ ಪತ್ರಿಕೆಯ ಮೆರವಣಿಗೆ ಸುದ್ದಿ. ನೋಡುಗರು ಸಿನಿಮಾ ವಿಮರ್ಶೆಗೆ ಹೋಗಿಬಿಟ್ಟಿದೆ.

ಆರಡಿ ಫ್ಲೆಕ್ಸಿನಲ್ಲಿ ದೂರದಿಂದ ಓದುವ ಹಾಗಿರಬೇಕು. ಎರಡು ಮೂರು ಪದಕ್ಕಿಂತ ಜಾಸ್ತಿ ಬೇಡ. ದಯವಿಟ್ಟು ಬೇಗ ಹೇಳಿ.

ಚಿತ್ರದುರ್ಗದಿಂದ

ಇದಕ್ಕೆ ಇಷ್ಟು ಒದ್ದಾಟ ಯಾಕೆ? ಕೊಲೆನೋಟ. ನೋಡಿದವರು ಕೊಲೆನೋಟಗರು. ಎರಡೂ ಅಚ್ಚಗನ್ನಡ.

ಇನ್ನೊಂದು. ನಿಮ್ಮ ಪತ್ರದಲ್ಲಿ ಮರಣದಂಡನೆ ಅಂತ ಎರಡು ಸಲ ಬರೆದಿದ್ದೀರಿ. ಕನ್ನಡಕ್ಕೆ ಅದರ ಹಂಗಿಲ್ಲ. ನೇಣು ಇದೆ. ತಮಿಳರ, ಮಲಯಾಳಿಗಳ ಞಾಣ್ ಇದರ ಒಡಹುಟ್ಟು. ಅಲ್ಲಿ ಬಿಲ್ಲಿನ ಹೆದೆ, ಇಲ್ಲಿ ಹಗ್ಗ. ಸಾವಿರಾರು ವರ್ಷದ ಪದ ಕೈಯಲ್ಲಿಟ್ಟುಕೊಂಡು ಮರಣದಂಡನೆ, ಬಹಿರಂಗ ಅಂತ ಯಾಕೆ ಹೊರೆ ಹೊರುತ್ತೀರಿ?

ಹಿರಿಯೂರಿನಿಂದ

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವನು ನಾನು. ಕೊಲೆನೋಟ ಅಂತ ಯಾವ ಮಗುವಾದರೂ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ನೋಟದಿಂದಲೇ ಕೊಲ್ಲುವುದು ಅಂತ ಅರ್ಥ ಬರುತ್ತದೆ. ‘ಕೊಲ್ಲುವ ಕಣ್ಣು’ ಅಂತಾರಲ್ಲ, ಹಾಗೆ.

ಪ್ರೇಕ್ಷಕ ಅಂದರೆ ಚೆನ್ನಾಗಿ ನೋಡುವವನು, ಅಷ್ಟೇ. ಅದಕ್ಕೆ ಟಿಕೆಟ್ ಅಂಟಿಸಿದವರು ನಾವು. ಪದದ ತಪ್ಪಲ್ಲ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ‘ಶಿಕ್ಷೆ’ ಅನ್ನುವ ಪದದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಶಿಕ್ಷೆ ಅಂದರೆ ಮೂಲದಲ್ಲಿ ಕಲಿಕೆ. ಶಿಕ್ಷಕ, ಶಿಕ್ಷಣ ಎಲ್ಲ ಅಲ್ಲಿಂದಲೇ. ಹಿಂದಿಯವರು ಶಿಕ್ಷಾ ಅಂತ ಓದಿಗೆ ಇಟ್ಟುಕೊಂಡು, ದಂಡನೆಗೆ ಸಜಾ ತಂದುಕೊಂಡರು. ನಾವೂ ಮರಾಠಿಯವರೂ ಬೆತ್ತಕ್ಕೆ ಶಿಕ್ಷೆ ಅಂದೆವು, ಓದಿಗೆ ಶಿಕ್ಷಣ ಅಂದೆವು. ಕಳ್ಳನಿಗೆ ಆರು ತಿಂಗಳು ಶಿಕ್ಷೆ ಆದರೆ ಅವನು ಏನಾದರೂ ಕಲಿಯಬಹುದು. ಗಲ್ಲು ಶಿಕ್ಷೆಯಲ್ಲಿ ಕಲಿಯುವವನು ಯಾರು? ಸತ್ತವನಂತೂ ಅಲ್ಲ. ಹಾಗಾದರೆ ಸುತ್ತ ನಿಂತವರು ವಿದ್ಯಾರ್ಥಿಗಳು. ‘ನಾಲ್ಕು ಜನರಿಗೆ ಪಾಠವಾಗಲಿ’ ಅಂತಾರಲ್ಲ, ಅದು ಇದೇ. ಅವರು ಅಲ್ಲಿ ಏನು ಕಲಿತರು ಅನ್ನುವುದನ್ನು ನಿಮ್ಮ ಮಕ್ಕಳು ಫಲಕದಲ್ಲಿ ಬರೆಯಲಿ.

ಜಗಳೂರಿನಿಂದ

ನಾನು ವಕೀಲ. ಒಂದೇ ಮಾತು. ಕೊಲೆ ಅನ್ನಬೇಡಿ. ಕಾನೂನಿನಲ್ಲಿ ಕೊಲೆ ಒಂದು ಅಪರಾಧದ ಹೆಸರು. ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಜಾರಿ ಮಾಡುವುದು ಕೊಲೆ ಅಲ್ಲ. ಒಪ್ಪದೇ ಇರಬಹುದು, ಆದರೆ ಹೆಸರು ಬದಲಾಯಿಸುವ ಹಾಗಿಲ್ಲ.

‘ಮರಣದಂಡನೆ’ ತೀರ್ಪು. ‘ನೇಣು’ ಅದರ ವಿಧಾನ. ಇವೆರಡನ್ನೂ ಕಲಸಬೇಡಿ. ಎಲ್ಲದಕ್ಕೂ ನೇಣು ಅಂದರೆ ವರ್ಸೈಲ್ಸ್ ಏನಾಯಿತು? ಅಲ್ಲಿ ಹಗ್ಗವೇ ಇರಲಿಲ್ಲ.

ಫಲಕದಲ್ಲಿ ನಮ್ಮ ದೇಶದ್ದು ಇಲ್ಲದಿದ್ದರೆ ಇದನ್ನು ಸೇರಿಸಿ. 1985ರಲ್ಲಿ ರಾಜಸ್ಥಾನ ಹೈಕೋರ್ಟ್ ಒಂದು ವರದಕ್ಷಿಣೆ ಸಾವಿನ ಪ್ರಕರಣದಲ್ಲಿ ಜೈಪುರದ ಮೈದಾನದಲ್ಲಿ ಎಲ್ಲರೆದುರು ನೇಣು ಹಾಕಿ ಎಂದು ಆದೇಶಿಸಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಪರಾಧ ಎಷ್ಟೇ ಬರ್ಬರವಾಗಿರಲಿ, ಅದಕ್ಕೆ ಬಹಿರಂಗ ನೇಣಿನಂಥ ಬರ್ಬರ ಶಿಕ್ಷೆ ಉತ್ತರವಲ್ಲ, ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು.

ಹರಿಹರದಿಂದ

ಗಲ್ಲು ಪದವನ್ನು ಯಾರೂ ಮುಟ್ಟಲೇ ಇಲ್ಲ. ಅದರ ಹುಟ್ಟು ಇತ್ಯರ್ಥ ಆಗದೆ ಮುಂದೆ ಹೋಗುವುದು ಸರಿಯಲ್ಲ. ಇಂಗ್ಲಿಷಿನ ಗ್ಯಾಲೋಸ್ ಬಂದು ಗಲ್ಲು ಆಯಿತು ಅಂತ ಎಲ್ಲರೂ ಹೇಳಿಬಿಡುತ್ತಾರೆ. ಸಂಸ್ಕೃತದ ಗಲ ಅಂದರೆ ಕುತ್ತಿಗೆ, ಅದನ್ನು ಯಾಕೆ ಬಿಡುತ್ತೀರಿ? ನಮ್ಮ ಗಳ, ಗಳು ಅಂದರೆ ಬಿದಿರಿನ ಕೋಲು, ಅದನ್ನು ಯಾಕೆ ಬಿಡುತ್ತೀರಿ? ಸೋಜಿಗ ಏನೆಂದರೆ ಇಂಗ್ಲಿಷಿನ ಪದದ ಹಳೆಯ ಅರ್ಥವೂ ಕಂಬವೇ. ನನ್ನ ಮನಸ್ಸು ಬಿದಿರಿನ ಕಡೆಗಿದೆ. ಯಾರಾದರೂ ಹಳೆಯ ಶಾಸನದಲ್ಲಿ ಗಲ್ಲು ನೋಡಿದ್ದರೆ ತಿಳಿಸಿ.

ರೋಮಿನ ಆ ಮೈದಾನಕ್ಕೆ, ಇಂಗ್ಲಿಷಿನ ಅರೆನಾಗೆ, ಏನು ಹಾಕಿದ್ದೀರಿ? ‘ಅಖಾಡ’ ಹಾಕಿ. ದಾವಣಗೆರೆಯವರಿಗೆ ಬೇರೆ ವಿವರಣೆ ಬೇಕಿಲ್ಲ.

ಚಿತ್ರದುರ್ಗದಿಂದ

ಅಖಾಡ ಬೇಡ. ಕಣ ಅನ್ನಿ.

ದಾವಣಗೆರೆಯಿಂದ, ಮಂಗಳವಾರ ಬೆಳಿಗ್ಗೆ

ಎಲ್ಲರ ಉತ್ತರ ಓದಿದೆ. ಶಿಕ್ಷೆಯ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಜೈಪುರದ ಪ್ರಕರಣವನ್ನು ಐದನೇ ಫಲಕಕ್ಕೆ ಸೇರಿಸಿದ್ದೇನೆ. ಥ್ಯಾಂಕ್ಸ್.

ಅಖಾಡ ಹಾಕಲಾರೆ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವಳು ನಾನು. ಅಖಾಡದಲ್ಲಿ ಸೋತವನು ಮೈಯ ಮಣ್ಣು ಕೊಡವಿಕೊಂಡು ಗೆದ್ದವನ ಕೈ ಮುಟ್ಟಿ ಮನೆಗೆ ಹೋಗುತ್ತಾನೆ. ಆ ಪದವನ್ನು ರೋಮಿಗೆ ಕೊಟ್ಟರೆ ನಮ್ಮ ಪೈಲ್ವಾನರಿಗೆ ಅನ್ಯಾಯ. ಕಣವೂ ಬೇಡ, ಅದು ರಾಶಿ ಮಾಡುವ ಜಾಗ. ಅರೆನಾ ಅಂದರೆ ಲ್ಯಾಟಿನ್ನಿನಲ್ಲಿ ಮರಳು. ರಕ್ತ ಹೀರಲಿ ಅಂತ ಹಾಸುತ್ತಿದ್ದ ಮರಳು. ಹಾಗಾಗಿ ‘ಮರಳಿನ ಅಂಗಳ’ ಅಂತ ಹಾಕಿದೆ.

ಈಗ ನನಗೆ ಹೊಳೆದಿರುವ ಪದ ಹೇಳುತ್ತೇನೆ. ತಮಾಷೆ.

ಯಾಕೆ ಅಂತ ಹೇಳಲು ಒಂದು ಹಳೆಯ ಸಂಗತಿ ಹೇಳಬೇಕು. ನನಗಾಗ ಒಂಬತ್ತು ವರ್ಷ. ಸೋದರಮಾವನ ಜೊತೆ ಮಂಡಿಪೇಟೆ ಕಡೆಯಿಂದ ಬರುತ್ತಿದ್ದೆ. ದಾರಿಯಲ್ಲಿ ಜನ ಸೇರಿದ್ದರು. ಸೈಕಲ್ ಕದ್ದ ಅಂತ ಒಬ್ಬನನ್ನು ಲೈಟ್ ಕಂಬಕ್ಕೆ ಕಟ್ಟಿಹಾಕಿದ್ದರು. ನನಗೆ ಕಾಣುತ್ತಿರಲಿಲ್ಲ. ಮಾವ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಆಮೇಲೆ ಎಲ್ಲ ಕಂಡಿತು. ಅವನ ಒಂದು ಕಾಲಲ್ಲಿ ಮಾತ್ರ ಹವಾಯಿ ಚಪ್ಪಲಿ ಇತ್ತು. ಕಟ್ಟಿದ್ದು ಹಗ್ಗದಿಂದಲ್ಲ, ಸೈಕಲ್ಲಿನ ಹಳೇ ಟ್ಯೂಬಿನಿಂದ. ಮೂರು ಜನ ಸರದಿಯಲ್ಲಿ ಹೊಡೆಯುತ್ತಿದ್ದರು. ಒಂದು ಏಟು ಹಾಕಿದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನಮ್ಮ ಕಡೆ ನೋಡುತ್ತಿದ್ದರು. ಆಮೇಲೆ ಇನ್ನೊಂದು ಏಟು. ಅವನು ನೀರು ಕೇಳಿದ.

ಆಚೆ ಬದಿಯ ಮಂಡಕ್ಕಿ ಗಾಡಿಯವನು ಗಾಡಿ ತಳ್ಳಿಕೊಂಡು ಹತ್ತಿರ ಬಂದ. ಅಲ್ಲಿ ವ್ಯಾಪಾರ ಇತ್ತು. ಮಾವ ನನಗೂ ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಕೊಡಿಸಿದ. ಅವನ ತಲೆಯ ಮೇಲೆ ಪೊಟ್ಟಣ ಇಟ್ಟುಕೊಂಡು ತಿಂದೆ. ಬಿಸಿಯಾಗಿತ್ತು, ಚೆನ್ನಾಗಿತ್ತು. ಆ ರುಚಿ ಇವತ್ತಿಗೂ ನೆನಪಿದೆ. ಅವನ ಮುಖ ನೆನಪಿಲ್ಲ.

ಹಿಂದಿನಿಂದ ಬಂದ ಯಾರೋ ಕೇಳಿದರು: ‘ಏನ್ ತಮಾಷಿ ನಡದೈತಿ?’ ಮನೆಗೆ ಬಂದಾಗ ಯಾಕೆ ಲೇಟಾಯಿತು ಅಂತ ಅಮ್ಮ ಕೇಳಿದರು. ನಾನೂ ಅದೇ ಪದ ಹೇಳಿದೆ. ತಮಾಷಿ ನೋಡ್ತಿದ್ವಿ.

ಪಟ್ಟಣದ ಕನ್ನಡದಲ್ಲಿ ತಮಾಷೆ ಈಗ ಜೋಕು ಆಗಿದೆ. ಆದರೆ ‘ನಿಂತು ತಮಾಷೆ ನೋಡ್ತಾರೆ, ಒಬ್ರೂ ಬಿಡಿಸಲ್ಲ’ ಅನ್ನುವಾಗ ಹಳೆಯ ಅರ್ಥ ಹಾಗೇ ಇದೆ. ಅದು ಅರಬಿಯಿಂದ ಹೊರಟು ಪಾರಸಿಯ ಮೂಲಕ ಬಂದ ಪದ. ಮೊದಲು ಸುಮ್ನೆ ಅಡ್ಡಾಡುವುದು, ಆಮೇಲೆ ಅಡ್ಡಾಡುತ್ತಾ ನೋಡುವುದು, ಆಮೇಲೆ ನೋಡುವುದರ ಖುಷಿ. ಲಂಡನ್ನಿನ ಆ ರಸ್ತೆಗೂ ನಮ್ಮ ಮಂಡಿಪೇಟೆಗೂ ಇಷ್ಟು ಸರಿಯಾಗಿ ಕೂರುವ ಪದ ನನಗೆ ಬೇರೆ ಸಿಗಲಿಲ್ಲ. ‘ಸಾವಿನ ತಮಾಷೆ’ ಅಂತ ಹಾಕಲಾ?

ಚಿತ್ರದುರ್ಗದಿಂದ

ಹಾಕಬೇಡಿ. ನಿಮ್ಮ ಅನುಭವಕ್ಕೆ ಮರ್ಯಾದೆ ಕೊಡುತ್ತೇನೆ. ಆದರೆ ಹತ್ತರಲ್ಲಿ ಒಂಬತ್ತು ಜನ ಅದನ್ನು ಸಾವಿನ ಜೋಕು ಅಂತ ಓದುತ್ತಾರೆ.

ಎರವಲು ಪದ ಬೇಡ ಅಂತ ನಾನು ಹೇಳುವುದು ಸುಮ್ನೆ ಹಟಕ್ಕಲ್ಲ. ತಾಯ್ನುಡಿಯಲ್ಲಿ ಕೊಂದರು ಅಂದರೆ ಕೊಂದರು. ಅಡಗಿಕೊಳ್ಳಲು ಜಾಗ ಇಲ್ಲ. ಎರವಲು ಪದ ಬಂತೋ, ಅದರ ಹಿಂದೆ ಅಡಗಬಹುದು. ‘ಎನ್‌ಕೌಂಟರ್’ ತಗೊಳ್ಳಿ. ಇಂಗ್ಲಿಷಿನಲ್ಲಿ ಅದಕ್ಕೆ ಎದುರುಬದುರಾಗುವುದು ಅಂತ ಅರ್ಥ. ಕನ್ನಡಕ್ಕೆ ಬಂದು ಏನಾಗಿದೆ ನೋಡಿ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹತ್ತಿರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಆರೋಪಿಗಳು, ಅಪರಾಧಿಗಳಲ್ಲ. ವಿಚಾರಣೆ ಆಗಿರಲಿಲ್ಲ. ಜನ ಪೊಲೀಸರ ಮೇಲೆ ಹೂವು ಎರಚಿದರು. ಅದು ಬೇಕೆಂದೇ ಹಾರಿಸಿದ ಗುಂಡು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗವೇ 2022ರಲ್ಲಿ ಹೇಳಿತು. ನಮ್ಮ ಬಾಯಲ್ಲಿ ಮಾತ್ರ ಇವತ್ತಿಗೂ ‘ಎನ್‌ಕೌಂಟರ್ ಆಯ್ತು’. ಮಳೆ ಆಯ್ತು ಅನ್ನುವ ಹಾಗೆ. ‘ಕೊಂದರು’ ಅನ್ನುವ ಪದ ಕನ್ನಡದಲ್ಲಿ ಇರಲಿಲ್ಲವೇ?

ಚಳ್ಳಕೆರೆಯಿಂದ

ಹೂವು ಎರಚಿದವರ ಮಾತು ಬಂತು. ನಾನು ಒಂದು ಹೇಳುತ್ತೇನೆ. ಹೆಣ್ಣುಮಕ್ಕಳನ್ನು ಹೆತ್ತವರು ಅವತ್ತು ಯಾಕೆ ಹೂವು ಹಿಡಿದರು ಅಂತ ಯಾರೂ ಕೇಳುವುದಿಲ್ಲ. ದೆಹಲಿಯ ಆ ಅತ್ಯಾಚಾರ ಪ್ರಕರಣ ನಡೆದದ್ದು 2012ರ ಡಿಸೆಂಬರ್. ತಿಹಾರಿನಲ್ಲಿ ನಾಲ್ವರಿಗೆ ನೇಣಾಗಿದ್ದು 2020ರ ಮಾರ್ಚ್ 20. ಏಳು ವರ್ಷದ ಮೇಲಾಯಿತು. ಆ ಬೆಳಗಿನ ಜಾವ ಜೈಲಿನ ಹೊರಗೆ ನಿಂತವರೆಲ್ಲ ತಮಾಷೆ ನೋಡಲು ಬಂದವರಲ್ಲ. ಅವರಿಗೂ ರೋಮಿನವರಿಗೂ ಒಂದೇ ಪದ ಹಾಕಿದರೆ ನಾನು ಒಪ್ಪುವುದಿಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು.

ಹಿರಿಯೂರಿನಿಂದ

ಚಿತ್ರದುರ್ಗದವರಿಗೆ: ‘ಆರೋಪಿ’, ‘ಅಪರಾಧಿ’, ‘ವಿಚಾರಣೆ’, ‘ಆಯೋಗ’. ನಾಲ್ಕೂ ಸಂಸ್ಕೃತ. ನಾಲ್ಕನ್ನೂ ನೀವೇ ಬಳಸಿದ್ದೀರಿ. ಆರೋಪಿ ಬೇರೆ, ಅಪರಾಧಿ ಬೇರೆ ಅಂತ ಹೇಳಲು ನಿಮಗೆ ಎರವಲೇ ಬೇಕಾಯಿತು. ಇನ್ನು ಈ ವಾದ ಸಾಕು.

ಚಿತ್ರದುರ್ಗದಿಂದ

ಸಾಕಾಗಿಲ್ಲ. ಪದ ಇಲ್ಲದಿದ್ದಾಗ ತಗೊಳ್ಳುವುದು ಬೇರೆ, ಇದ್ದದ್ದನ್ನು ಬಿಸಾಡಿ ತಗೊಳ್ಳುವುದು ಬೇರೆ.

ಮೊಳಕಾಲ್ಮುರುವಿನಿಂದ

ಜಗಳದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ತಾಯಿ ತಂದೆ ಮಾತು ಕೇಳಿ, ಜೀವಿಗಳ ಬಗ್ಗೆ ಕರುಣೆ ಗಟ್ಟಿಯಾಗಿರಲಿ, ನಿಜ ಹೇಳಿ ಅಂತ ಬಂಡೆ ಮೇಲೆ ಕೊರೆದಿದೆ. ಎಮ್ಮೆ ಕಾಯುವ ಹುಡುಗರು ನೆರಳಿಗೆ ಬಂದು ಕೂರುವ ಜಾಗ.

ನಿಮಗೆ ಬೇಕಾದದ್ದು ಗಿರ್ನಾರ್ ಮತ್ತಿತರ ಕಡೆ ಇರುವ ಮೊದಲನೇ ಬಂಡೆಶಾಸನದಲ್ಲಿದೆ. ಅಲ್ಲಿ ಅಶೋಕ ಹೇಳುತ್ತಾನೆ, ಇಲ್ಲಿ ಜೀವ ಕೊಂದು ಬಲಿ ಕೊಡಬಾರದು, ‘ಸಮಾಜ’ವನ್ನೂ ಮಾಡಬಾರದು, ಸಮಾಜದಲ್ಲಿ ನನಗೆ ಬಹಳ ದೋಷ ಕಾಣುತ್ತದೆ ಅಂತ. ಅವತ್ತಿನ ಸಮಾಜ ಇವತ್ತಿನ ಸಮಾಜ ಅಲ್ಲ. ಜನ ಒಂದೆಡೆ ಸೇರಿ ಕುಣಿತ, ಕಾದಾಟ ನೋಡಿ ತಿಂದುಂಡು ಹೋಗುವ ಕೂಟ. ಜಾತ್ರೆ ಅನ್ನಿ. ನಿಮ್ಮ ಸ್ಪೆಕ್ಟಕಲ್ಲಿಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಪದ ಸಮಾಜ.

ಅದೇ ಅಶೋಕ ಮರಣದಂಡನೆಯನ್ನು ತೆಗೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ನಾಲ್ಕನೇ ಕಂಬಶಾಸನದಲ್ಲಿ ಸಾವಿನ ತೀರ್ಪಾದವರಿಗೆ ಮೂರು ದಿನದ ಬಿಡುವು ಕೊಟ್ಟಿದ್ದಾನೆ, ಅಷ್ಟೇ.

ಜಗಳೂರಿನಿಂದ

ಮೊಳಕಾಲ್ಮುರುವಿನವರು ಹೇಳಿದ್ದು ಓದಿ ಕೈ ನಿಂತಿತು. ನಾವು ಗಲ್ಲಿನ ಪ್ರಕರಣಗಳಲ್ಲಿ ದಿನಾ ಓದುವ ಮಾತು ‘ಸಮಾಜದ ಸಾಮೂಹಿಕ ಆತ್ಮಸಾಕ್ಷಿ’. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅಂದಿತು. 1983ರ ಮಚ್ಛಿ ಸಿಂಗ್ ತೀರ್ಪಿನಲ್ಲಿ ಈ ಆತ್ಮಸಾಕ್ಷಿ ಬಂತು. ಸಮಾಜಕ್ಕೆ ಎಷ್ಟು ಆಘಾತವಾಗಿದೆ ಅನ್ನುವುದೂ ಒಂದು ಅಳತೆ ಆಯಿತು. ಆ ಪದದ ಹಳೆಯ ಅರ್ಥ ಹಾಕಿ ಓದಿಕೊಂಡೆ. ಜಾತ್ರೆಯ ಆತ್ಮಸಾಕ್ಷಿ. ಕೊಲೆ ಅನ್ನಬೇಡಿ ಅನ್ನುವ ನನ್ನ ಮಾತು ಹಾಗೇ ಇದೆ. ಆದರೆ ಇದನ್ನು ಕಕ್ಷಿದಾರರಿಗೆ ಹೇಗೆ ವಿವರಿಸುವುದು ಅಂತ ತಿಳಿಯುತ್ತಿಲ್ಲ.

ದಾವಣಗೆರೆಯಿಂದ, ಮಂಗಳವಾರ ಮಧ್ಯಾಹ್ನ

ಇನ್ನೊಂದು ಪದ ಬಾಕಿ ಇದೆ. ಹ್ಯಾಂಗ್‌ಮನ್. ಮೂರನೇ ಫಲಕದಲ್ಲಿ ಬರುತ್ತದೆ. ಹಳಗನ್ನಡದ ಕತೆಗಳಲ್ಲಿ ಕಳ್ಳನನ್ನು ಕೊಲ್ಲಲು ಕರೆದೊಯ್ಯುವವನು ತಳಾರ. ತಳವಾರ ಅಂತ ಹಾಕಬಹುದಾ?

ಚಳ್ಳಕೆರೆಯಿಂದ

ಖಂಡಿತ ಬೇಡ. ಅದು ನಮ್ಮ ಜನರ ಹೆಸರು. ನಮ್ಮ ಅಡ್ಡಹೆಸರು. ಊರು ಕಾದವರು ನಮ್ಮ ಹಿರಿಯರು. ಊರಿನ ಹೊಲಸು ಕೆಲಸವನ್ನೆಲ್ಲ ಕೆಲವರ ತಲೆಗೆ ಕಟ್ಟುವುದು, ಆಮೇಲೆ ಅದೇ ಕೆಲಸಕ್ಕೆ ಅವರನ್ನೇ ದೂರ ಇಡುವುದು, ಇದು ಹಳೇ ಆಟ. ರಾಜ ತೀರ್ಪು ಕೊಟ್ಟ, ಊರು ನಿಂತು ನೋಡಿತು, ಹೆಸರು ಮಾತ್ರ ಕೈಯಿಟ್ಟವನಿಗೆ. ಫ್ಲೆಕ್ಸಿನ ಮೇಲೆ ಆ ಪದ ಬಂದರೆ ನಾನೇ ಬಂದು ಕೇಳುತ್ತೇನೆ.

ಚಿತ್ರದುರ್ಗದಿಂದ

ಚಳ್ಳಕೆರೆಯವರ ಮಾತೇ ಸರಿ. ‘ನೇಣು ಹಾಕುವವನು’ ಅನ್ನಿ. ಒಂದೇ ಪದವಾಗಲೇಬೇಕು ಅಂತ ಯಾರು ಹೇಳಿದರು?

ದಾವಣಗೆರೆಯಿಂದ, ಮಂಗಳವಾರ ಸಂಜೆ ಐದೂಕಾಲು

ಚಳ್ಳಕೆರೆಯವರೇ, ತಪ್ಪಾಯಿತು. ನಿಘಂಟು ನೋಡಿದೆ, ಮನುಷ್ಯರನ್ನು ನೋಡಲಿಲ್ಲ. ‘ನೇಣು ಹಾಕುವವನು’ ಅಂತ ಬದಲಾಯಿಸಿದ್ದೇನೆ.

ತಲೆಬರಹ ಸಿಕ್ಕಿದೆ. ಹೇಗೆ ಸಿಕ್ಕಿತು ಅಂತ ಹೇಳಿ ಅಂಗಡಿಗೆ ಓಡುತ್ತೇನೆ.

ಎರವಲು ಪದದ ಹಿಂದೆ ಕೊಲ್ಲುವವರು ಅಡಗುತ್ತಾರೆ ಅಂತ ಚಿತ್ರದುರ್ಗದವರು ಹೇಳಿದರು. ಎನ್‌ಕೌಂಟರ್ ವಿಷಯದಲ್ಲಿ ಅದು ಪೂರ್ತಿ ನಿಜ. ಆದರೆ ನಾನು ಅನುವಾದಿಸಿದ ಏಳು ಫಲಕಗಳನ್ನು ಮತ್ತೆ ಓದಿದೆ. ‘ಅವನು ನೇಣಿಗೇರಿದ’ ಅಂತ ನಾನೇ ನಾಲ್ಕು ಕಡೆ ಬರೆದಿದ್ದೆ. ನೇಣು ಅಚ್ಚಗನ್ನಡ, ಏರು ಅಚ್ಚಗನ್ನಡ. ಆದರೂ ಮಾಡಿದವರು ಕಾಣುವುದಿಲ್ಲ. ಅವನೇ ಮೆಟ್ಟಿಲು ಹತ್ತಿ ಹೋದ ಹಾಗಿದೆ, ಗುಡ್ಡ ಏರಿದ ಹಾಗೆ. ಪತ್ರಿಕೆಗಳಲ್ಲೂ ಹೀಗೇ ಬರುತ್ತದೆ, ನಾವೆಲ್ಲ ಹೀಗೇ ಮಾತಾಡುತ್ತೇವೆ. ನಾಲ್ಕೂ ಕಡೆ ‘ನೇಣಿಗೇರಿಸಿದರು’ ಅಂತ ತಿದ್ದಿದೆ. ಒಂದು ‘ಇಸು’ ಸೇರಿದ್ದಕ್ಕೆ ಇಡೀ ಫಲಕದ ಬಣ್ಣ ಬದಲಾಯಿತು. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಕ್ರಿಯಾಪದಕ್ಕೆ ಮಾಡುವವನು ಇದ್ದಾನಾ ಅನ್ನುವುದು ನನಗೆ ಮುಖ್ಯ ಅನ್ನಿಸಿತು.

ಆಮೇಲೆ ನೋಡಿದವರ ಬಗ್ಗೆ. ಇಲ್ಲಿಯವರೆಗೆ ನಾನು ಹುಡುಕಿದ್ದೆಲ್ಲ ಕಣ್ಣಿನ ಪದಗಳು. ಪ್ರೇಕ್ಷಕ, ವೀಕ್ಷಕ, ನೋಡುಗ. ತಮಾಷೆಯೂ ಕಣ್ಣಿನದೇ. ಕಣ್ಣಿನ ಪದ ಹಾಕಿದರೆ ನೋಡಿದವನು ಬರೀ ನೋಡಿದ, ಬೇರೇನೂ ಮಾಡಲಿಲ್ಲ ಅಂತ ಆಗಿಬಿಡುತ್ತದೆ. ಆ ಮೂರು ಜನ ಒಂದೊಂದು ಏಟಿಗೂ ತಿರುಗಿ ನಮ್ಮನ್ನು ನೋಡುತ್ತಿದ್ದರು ಅಂದೆನಲ್ಲ. ನಾವು ಅಲ್ಲಿಲ್ಲದಿದ್ದರೆ ಮೂರನೇ ಏಟಿಗೇ ಅವರ ಕೈ ಸೋಲುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿ ಕಡಿದದ್ದಕ್ಕೇ ಜನ್ಮಜನ್ಮ ಅಲೆಯಬೇಕಾಗುತ್ತದೆ. ಅದಕ್ಕೆ ಸಂಕಲ್ಪಹಿಂಸೆ ಅನ್ನುವ ಪದ ಇದೆ. ರಕ್ತ ಬರದಿದ್ದರೂ ಮನಸ್ಸು ಮಾಡಿದ್ದು ಮಾಡಿದ್ದೇ. ಅದನ್ನೇ ಹಾಕೋಣ ಅಂದುಕೊಂಡೆ. ಆದರೆ ಬಸ್‌ಸ್ಟ್ಯಾಂಡ್ ಕಡೆಯಿಂದ ಬರುವವರಿಗೆ ಅದು ತಲೆಬರಹ ಆಗುವುದಿಲ್ಲ.

ಆಗ ‘ನೆರೆ’ ಹೊಳೆಯಿತು. ನೆರೆ ಅಂದರೆ ಸೇರು, ಕೂಡು. ಅದರಿಂದ ಹಳಗನ್ನಡದಲ್ಲಿ ನೆರವಿ, ಅಂದರೆ ಗುಂಪು. ಅದರಿಂದಲೇ ನೆರವು, ಅಂದರೆ ಸಹಾಯ. ಎರಡೂ ಒಂದೇ ಬೇರಿನವು. ಗುಂಪಾಗಿ ಬಂದು ನಿಂತವನು ಕೈಗೂಡಿಸಿದವನೂ ಹೌದು ಅಂತ ಕನ್ನಡ ಎಷ್ಟೋ ಕಾಲದಿಂದ ಹೇಳುತ್ತಲೇ ಇದೆ. ನನಗೆ ಇಷ್ಟು ದಿನ ಕೇಳಿಸಿರಲಿಲ್ಲ. ‘ಇಲ್ಲಿ ನೆರೆದಿರುವ ಮಹನೀಯರೇ’ ಅಂತ ಪ್ರತಿ ಭಾಷಣದಲ್ಲೂ ಕೇಳುತ್ತೇವೆ, ಹಾಗಾಗಿ ಯಾರಿಗೂ ಅರ್ಥ ಹೇಳಬೇಕಿಲ್ಲ.

ತಲೆಬರಹ: ‘ಸಾವಿಗೆ ನೆರೆದವರು’. ನೇಣು ತೆಗೆದೆ, ವರ್ಸೈಲ್ಸ್ ಒಳಗೆ ಬರಲಿ ಅಂತ. ಕೊಲೆಯೂ ಇಲ್ಲ, ಜಗಳೂರಿನವರು ಹೇಳಿದ್ದಕ್ಕೆ. ಚಳ್ಳಕೆರೆಯವರ ಮಾತನ್ನೂ ಬಿಟ್ಟಿಲ್ಲ. ನೆರೆದವರಲ್ಲಿ ಖುಷಿಗೆ ಬಂದವರೂ ಇರುತ್ತಾರೆ, ಸಂಕಟಕ್ಕೆ ಬಂದವರೂ ಇರುತ್ತಾರೆ. ಪದ ಇಬ್ಬರನ್ನೂ ಬೈಯುವುದಿಲ್ಲ, ಇಬ್ಬರನ್ನೂ ಹೊರಗಿಡುವುದೂ ಇಲ್ಲ.

ಎರಡನೇ ಫಲಕದಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಬರುತ್ತಾರೆ. 1849ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ನೇಣಿಗೇರಿಸಿದರು. ಅದನ್ನು ನೋಡಲು ಡಿಕನ್ಸ್ ಬಾಡಿಗೆಗೆ ಜಾಗ ಹಿಡಿದಿದ್ದರು. ನೆರೆದವರ ಕೇಕೆ, ಕುಚೇಷ್ಟೆ ಕಂಡು ಹೇಸಿ 'ದಿ ಟೈಮ್ಸ್' ಪತ್ರಿಕೆಗೆ ಬರೆದರು. ಅವರು ಕೇಳಿದ್ದು ನೇಣು ನಿಲ್ಲಿಸಿ ಅಂತ ಅಲ್ಲ, ಗೋಡೆಯ ಒಳಗೆ ಮಾಡಿ ಅಂತ. ಹತ್ತೊಂಬತ್ತು ವರ್ಷಕ್ಕೆ ಹಾಗೇ ಆಯಿತು. ಗೋಡೆಯ ಒಳಗೆ ಹೋದ ಮೇಲೂ ಅಲ್ಲಿ ಸುಮಾರು ನೂರು ವರ್ಷ ನೇಣು ನಡೆಯಿತು. ಆ ಫಲಕದ ಕೊನೆಗೆ ವಿದ್ಯಾರ್ಥಿಗಳು ಒಂದು ಸಾಲು ಬರೆದಿದ್ದಾರೆ. ನನ್ನ ಕನ್ನಡ ಹೀಗಿದೆ: ‘ಜನ ಕಾಣದಂತಾದರು. ಹಗ್ಗ ಅಲ್ಲೇ ಇತ್ತು.’ ಸರಿ ಇದೆ ಅಲ್ವಾ?

ಪೂರ್ತಿ ಫೈಲ್ ಇದರ ಜೊತೆ ಇಟ್ಟಿದ್ದೇನೆ. ಆರಕ್ಕೆ ಮೊದಲು ಯಾರಿಗಾದರೂ ತಪ್ಪು ಕಂಡರೆ ಹೇಳಿ.

ಹರಿಹರದಿಂದ

ಗಲ್ಲು ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಬೇರೆ ಎಳೆಯಲ್ಲಿ ಕೇಳುತ್ತೇನೆ.

ಚಳ್ಳಕೆರೆಯಿಂದ

ನೆರೆದವರು ಸರಿಯಾಗಿದೆ. ಹತ್ತನೇ ತಾರೀಕು ಮಕ್ಕಳನ್ನು ಕರೆದುಕೊಂಡು ಬರುತ್ತೇನೆ.

ಚಿತ್ರದುರ್ಗದಿಂದ

ನೆರವಿ ಅಂತಲೇ ಹಾಕಬಹುದಿತ್ತು. ಇರಲಿ, ಕನ್ನಡವೇ ಉಳಿಯಿತು.

ಏಳನೇ ಫಲಕ, ಮೂರನೇ ಸಾಲು. ‘ನೋಡುತಿದ್ದರು’ ಅಂತಿದೆ. ಒತ್ತು ಬಿಟ್ಟಿದೆ. ‘ನೋಡುತ್ತಿದ್ದರು’ ಆಗಬೇಕು. ಅಂಗಡಿಯವನಿಗೆ ಈಗಲೇ ಫೋನ್ ಮಾಡಿ.